ಸ್ಟ್ಯಾನ್ಲಿ ಪಾರ್ಕಿನ ಬಿದ್ದ ಮರಗಳು

ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ನಗರದ ಅಂಚಿನಲ್ಲಿ, ಹೆಚ್ಚುಕಡಿಮೆ ಎಲ್ಲ ದಿಕ್ಕಿನಲ್ಲೂ ಸಮುದ್ರದ ನೀರು ಬಳಸಿಕೊಂಡಿರುವ ಒಂದು ಭೂಶಿರದ ಮೇಲೆ ಸ್ಟ್ಯಾನ್ಲಿ ಪಾರ್ಕ್ ಹರಡಿಕೊಂಡಿದೆ. ಅದರ ವಿಸ್ತೀರ್ಣ ಸುಮಾರು 400 ಹೆಕ್ಟೇರ್, ಅಂದರೆ ಸಾವಿರ ಎಕರೆ. ಬೆಂಗಳೂರಿನ ಲಾಲ್‌ಬಾಗಿನಂಥ ನಾಲ್ಕು ತೋಟಗಳು ಅದರೊಳಗೆ ಹಿಡಿಯುತ್ತವೆ. ಆದರೆ ಈ ಹೋಲಿಕೆ ವಿಸ್ತಾರಕ್ಕಷ್ಟೇ ಸಲ್ಲುವಂಥದು. ಲಾಲ್‌ಬಾಗ್ ಮನುಷ್ಯರು ನೆಟ್ಟು, ನೀರೆರೆದು ಬೆಳೆಸಿದ ಸಸ್ಯತೋಟವಾದರೆ, ಸ್ಟ್ಯಾನ್ಲಿ ಪಾರ್ಕಿನ ಬಹುಭಾಗ ಕಾಡು. ಆ ಕಾಡಿನ ನಡುವೆ ಹೆದ್ದಾರಿಯೊಂದು, ಹಲವಾರು ಕಾಲುದಾರಿಗಳು, ಮಕ್ಕಳ ಆಟದ ರೈಲು, ಒಂದು ಮತ್ಸ್ಯಾಲಯ ಸೇರಿಕೊಂಡಿವೆ. 2006ರ ಡಿಸೆಂಬರ್ 15ರ ನಸುಕಿನಲ್ಲಿ ಗಂಟೆಗೆ 115 ಕಿಲೊಮೀಟರ್ ವೇಗದವರೆಗೂ ಬೀಸಿದ ಬಿರುಗಾಳಿ ಈ ಕಾಡಿನ ಸುಮಾರು 10,000 ಮರಗಳನ್ನು ಕೆಡವಿತು. ಹಾನಿ ಎಲ್ಲೆಡೆ ಸಮನಾಗಿರಲಿಲ್ಲ. ಪಶ್ಚಿಮದ ಅಂಚೂ, ಉತ್ತರ ತುದಿಯ ಪ್ರಾಸ್ಪೆಕ್ಟ್ ಪಾಯಿಂಟ್ ಎಂಬ ಎತ್ತರದ ತಾಣದ ಆಸುಪಾಸೂ ಬೋಳಾದವು, ಒಳಭಾಗದ ಎಷ್ಟೋ ಕಡೆ ಮರಗಳು ಅಲುಗಾಡದೆ ಉಳಿದವು. ಮರ ಬೀಳಲು ಗಾಳಿಯೇ ಕಾರಣವೆಂಬುದು ಸರಿಯಾದರೂ, ಯಾವ ಮರ, ಎಲ್ಲಿ, ಹೇಗೆ ಬಿತ್ತೆಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಅದಕ್ಕೂ ಹಿಂದಿನ ಸುಮಾರು ನೂರೈವತ್ತು ವರ್ಷಗಳಲ್ಲಿ ಆ ಭೂಶಿರದ ಮೇಲೆ ಮನುಷ್ಯರು ನಡೆಸಿದ ಕೆಲಸಗಳು ಎಂಬುದು ಈ ಪ್ರಸಂಗವನ್ನು ಹತ್ತಿರದಿಂದ ನೋಡಿದವರಿಗೆ ತಿಳಿಯುವ ಸಂಗತಿ.

ಮೊದಲು ಆ ಗಾಳಿಯ ಸ್ವಭಾವ ತಿಳಿಯಬೇಕು. ಕನ್ನಡ ಓದುಗರಿಗೆ ಪರಿಚಿತವಾದ ಚಂಡಮಾರುತ ಬಂಗಾಳಕೊಲ್ಲಿಯದೋ ಅರಬ್ಬೀ ಸಮುದ್ರದ್ದೋ ಆಗಿದ್ದು, ಬೆಚ್ಚಗಿನ ಕಡಲಿನಿಂದೇಳುವ ನೀರಾವಿಯೇ ಅದರ ಶಕ್ತಿಯ ಮೂಲವಾಗಿರುತ್ತದೆ. ಉತ್ತರ ಪೆಸಿಫಿಕ್ ಸಾಗರದ ಚಳಿಗಾಲದ ಬಿರುಗಾಳಿ ಬೇರೆ ಜಾತಿಯದು: ಧ್ರುವದ ಕಡೆಯಿಂದ ಬರುವ ಶೀತಗಾಳಿಯೂ ದಕ್ಷಿಣದ ಬೆಚ್ಚನೆಯ ಗಾಳಿಯೂ ಎದುರಾಗುವ ಗಡಿಯಲ್ಲಿ, ಅವೆರಡರ ಉಷ್ಣತೆಯ ವ್ಯತ್ಯಾಸದಿಂದಲೇ ಶಕ್ತಿ ಪಡೆದು, ಅದು ಸಾವಿರಾರು ಕಿಲೊಮೀಟರ್ ಅಗಲದ ಸುಳಿಯಾಗಿ ಬೆಳೆಯುತ್ತದೆ. ಇಂಥ ಸುಳಿಗಳು ನವೆಂಬರಿನಿಂದ ಫೆಬ್ರವರಿಯವರೆಗೆ ಒಂದರ ಹಿಂದೊಂದು ಸಾಲುಗಟ್ಟಿ ಬರುವುದು ಆ ಕರಾವಳಿಯ ವಾಡಿಕೆ. 2006ರಲ್ಲಿ ಈ ಸಾಲು ಎಂದಿಗಿಂತ ಉಗ್ರವಾಗಿತ್ತು. ನವೆಂಬರ್ ಮಧ್ಯದಲ್ಲಿ ಸುರಿದ ಭಾರೀ ಮಳೆಯಿಂದ ಬೆಟ್ಟಗಳ ಮಣ್ಣು ಜಲಾಶಯಗಳಿಗಿಳಿದು ಕುಡಿಯುವ ನೀರು ಬಗ್ಗಡವಾಗಿ, ವ್ಯಾಂಕೂವರ್ ಮಹಾನಗರದ ಜನ ನೀರನ್ನು ಕುದಿಸಿ ಕುಡಿಯಬೇಕೆಂಬ ಸೂಚನೆ ಹೊರಟಿತು. ತಿಂಗಳ ಕೊನೆಗೆ ಹಸಿಹಿಮ ಬಿತ್ತು. ಇದಾದ ಎರಡೂವರೆ ವಾರದಲ್ಲೇ ಗಾಳಿ ಬಂತು. ಗಡಿಯಾಚೆಯ ಅಮೆರಿಕದ ಸಿಯಾಟಲ್ ಪ್ರದೇಶವನ್ನೂ ಹಿಂದಿನ ಸಂಜೆಯಿಂದಲೇ ಅದೇ ಗಾಳಿ ಅಲ್ಲಾಡಿಸಿ ಲಕ್ಷಾಂತರ ಮನೆಗಳನ್ನು ಕತ್ತಲಲ್ಲಿಟ್ಟಿತು. ಯೆಹೂದ್ಯರ ಹನುಕ್ಕಾ ಹಬ್ಬದ ಮುನ್ನಾದಿನಗಳಲ್ಲಿ ಬಂದುದರಿಂದ ಅಲ್ಲಿ ಅದಕ್ಕೆ ಆ ಹಬ್ಬದ ಹೆಸರೇ ನಿಂತಿತು.

ಮಳೆ, ಹಿಮ, ಗಾಳಿ ಈ ಮೂರರಲ್ಲಿ ಗಾಳಿಯೇ ಹೆಚ್ಚು ಸುದ್ದಿಯಾಯಿತಾದರೂ, ಮರದ ಮಟ್ಟಿಗೆ ಹಿಂದಿನ ಮಳೆ ಹಿಮಗಳೂ ಅಷ್ಟೇ ಮುಖ್ಯ. ನೀರು ತುಂಬಿದ ಮಣ್ಣಿನ ಕಣಗಳು ಒಂದನ್ನೊಂದು ಹಿಡಿಯುವ ಬಿಗಿ ಕಳೆದುಕೊಳ್ಳುವುದರಿಂದ, ಬೇಸಿಗೆಯಲ್ಲಿ ಅದೇ ವೇಗದ ಗಾಳಿಗೆ ಜಗ್ಗದ ಬೇರು ಚಳಿಗಾಲದಲ್ಲಿ ಕೆಸರಿನಿಂದ ಗೂಟ ಕಿತ್ತಂತೆ ಮೇಲೆದ್ದು ಬರುತ್ತದೆ. ಇದರ ಜೊತೆಗೆ ಎಲೆಯ ಪ್ರಶ್ನೆಯೂ ಇದೆ. ಆ ಸೀಮೆಯ ಮೇಪಲ್, ಆಲ್ಡರ್ ಮೊದಲಾದ ಅಗಲ ಎಲೆಯ ಮರಗಳು ಚಳಿಗಾಲಕ್ಕೆ ಮುನ್ನ ಎಲೆಯುದುರಿಸಿ ಬೋಳಾಗುತ್ತವಾದ್ದರಿಂದ ಗಾಳಿ ಅವುಗಳ ರೆಂಬೆಗಳ ನಡುವೆ ತೂರಿ ಹೋಗುತ್ತದೆ. ಸೂಚಿಪರ್ಣಿ ಮರಗಳು, ಅಂದರೆ ಸೂಜಿಯಂಥ ಅಥವಾ ಹುರುಪೆಯಂಥ ಎಲೆಗಳನ್ನು ವರ್ಷವಿಡೀ ಹೊತ್ತಿರುವ ಮರಗಳು, ಬಿರುಗಾಳಿಯ ಕಾಲದಲ್ಲೂ ಪೂರ್ತಿ ಹಾಯಿ ಬಿಚ್ಚಿ ನಿಂತ ಹಡಗಿನಂತಿರುತ್ತವೆ. ಸ್ಟ್ಯಾನ್ಲಿ ಪಾರ್ಕಿನ ಕಾಡನ್ನು ಆಳುವ ಮೂರು ಮರಗಳೂ ಈ ಗುಂಪಿನವೇ. ಅವುಗಳ ಇಂಗ್ಲಿಷ್ ಹೆಸರುಗಳಲ್ಲಿ ಒಂದೂ ನೆಟ್ಟಗಿಲ್ಲ ಎಂಬುದು ಬೇರೆ ಮಾತು: ಪಶ್ಚಿಮದ ಹೆಮ್ಲಾಕ್‌ಗೂ ಸಾಕ್ರಟೀಸ್ ಕುಡಿದ ವಿಷಸಸ್ಯಕ್ಕೂ ಹೆಸರೊಂದನ್ನು ಬಿಟ್ಟು ಯಾವ ನಂಟೂ ಇಲ್ಲ, ಕೆಂಪು ಸೀಡರ್ ನಿಜವಾದ ಸೀಡರ್, ಅಂದರೆ ಹಿಮಾಲಯದ ದೇವದಾರುವಿನ ಕುಲಕ್ಕೆ ಸೇರದೆ ಸೈಪ್ರೆಸ್ ಕುಟುಂಬಕ್ಕೆ ಸೇರಿದ್ದು, ಡಗ್ಲಸ್ ಫರ್ ಎಂಬುದು ನಿಜವಾದ ಫರ್ ಅಲ್ಲ.

ಗಾಳಿ ಮರವನ್ನು ಕೆಡವುವ ಬಗೆಯನ್ನು ಸನ್ನೆಕೋಲಿನ ಲೆಕ್ಕದಿಂದ ತಿಳಿಯಬಹುದು. ಗಾಳಿಯ ಒತ್ತಡ ಬೀಳುವುದು ಮುಖ್ಯವಾಗಿ ನೆತ್ತಿಯ ಹಸಿರಿನ ಮೇಲೆ, ಅಂದರೆ ಸನ್ನೆಯ ತುದಿಯಲ್ಲಿ. ಅದನ್ನು ತಡೆಯಬೇಕಾದುದು ಬುಡ. ನೆಲದಿಂದ ನಲವತ್ತು ಮೀಟರ್ ಎತ್ತರದಲ್ಲಿ ತಳ್ಳಿದ ಬಲ ಬುಡದ ಹತ್ತಿರ ಎಷ್ಟು ಪಟ್ಟು ಹಿಗ್ಗುತ್ತದೆಂಬುದು ಹಾರೆಕೋಲಿನಿಂದ ಬಂಡೆ ಮೀಟಿದವರಿಗೆ ವಿವರಿಸಬೇಕಿಲ್ಲ. ಇಷ್ಟಲ್ಲದೆ, ಗಟ್ಟಿ ವಸ್ತುವೊಂದರ ಮೇಲೆ ಗಾಳಿ ಹಾಕುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಮರ ಕಂಬದಂತೆ ಸೆಟೆದು ನಿಲ್ಲದೆ ರೆಂಬೆಗಳನ್ನು ಬಾಗಿಸಿ, ಎಲೆಗಳನ್ನು ಒತ್ತಟ್ಟಿಗೆ ಮಡಚಿ ಗಾಳಿಗೆ ದಾರಿ ಬಿಡುವುದರಿಂದ ಈ ಏರಿಕೆ ಲೆಕ್ಕಕ್ಕಿಂತ ತುಸು ಕಡಿಮೆ ಇರುತ್ತದೆ ಅಷ್ಟೆ. ಗಾಳಿ ಒಂದೇ ಸಮನೆ ಬೀಸುವುದೂ ಇಲ್ಲ. ಅದು ಅಲೆಅಲೆಯಾಗಿ, ಬಿಟ್ಟುಬಿಟ್ಟು ಹೊಡೆಯುತ್ತದೆ; ಎತ್ತರದ ಮರವೋ ಒಮ್ಮೆ ಅತ್ತ ಬಾಗಿ ಇತ್ತ ಮರಳಲು ಹಲವು ಸೆಕೆಂಡುಗಳನ್ನೇ ತೆಗೆದುಕೊಳ್ಳುತ್ತದೆ. ಮರ ಮರಳುವ ಹೊತ್ತಿಗೂ ಮುಂದಿನ ಹೊಡೆತದ ಹೊತ್ತಿಗೂ ತಾಳೆಯಾದರೆ, ಉಯ್ಯಾಲೆಯನ್ನು ಹದವರಿತು ತಳ್ಳಿದಂತೆ, ತೂಗಾಟ ಪ್ರತಿ ಸಲವೂ ಹೆಚ್ಚುತ್ತ ಹೋಗುತ್ತದೆ. ಒತ್ತೊತ್ತಾಗಿ ಬೆಳೆದ ಕಾಡಿನಲ್ಲಿ ನೆರೆಮರಗಳ ರೆಂಬೆಗಳು ಪರಸ್ಪರ ತಾಕಿ ಈ ತೂಗಾಟವನ್ನು ತಗ್ಗಿಸುತ್ತವೆ. ಆದುದರಿಂದಲೇ ಮೊದಲ ನಾಲ್ಕಾರು ಮರ ಬಿದ್ದ ಮೇಲೆ, ಅವುಗಳ ಆಸರೆ ತಪ್ಪಿದ ಹಿಂದಿನ ಸಾಲು ಬೇಗ ಸೋಲುತ್ತದೆ.

ಹೀಗೆ ಸೋಲುವ ಮರ ಎರಡರಲ್ಲೊಂದು ರೀತಿಯಲ್ಲಿ ನೆಲಕ್ಕೆ ಬರುತ್ತದೆ. ಬೇರಿನ ಹಿಡಿತ ಕಾಂಡಕ್ಕಿಂತ ಗಟ್ಟಿಯಾಗಿದ್ದರೆ ಕಾಂಡ ನಡುವೆ ಮುರಿಯುತ್ತದೆ; ಕಾಂಡವೇ ಗಟ್ಟಿಯಾಗಿದ್ದರೆ ಮರ ಬುಡಸಮೇತ ಕಿತ್ತು ಬೀಳುತ್ತದೆ. ಮುರಿದ ಕಡೆ ಸೀಳುಗಳು ಉದ್ದುದ್ದ ಎದ್ದು ನಿಂತು, ಹೊಸ ಮರದ ಬಿಳುಪು ದೂರದಿಂದಲೇ ಕಾಣುತ್ತದೆ. ಆ ಬಿಳುಪಿನ ನಡುವೆ ಕಂದು ಬಣ್ಣದ, ಬೆರಳಿಟ್ಟರೆ ಪುಡಿಯಾಗುವ ಭಾಗವಿದ್ದರೆ, ಗಾಳಿ ಬರುವ ಎಷ್ಟೋ ವರ್ಷ ಮೊದಲೇ ಶಿಲೀಂಧ್ರ ತನ್ನ ಕೆಲಸ ಮುಗಿಸಿತ್ತೆಂದು ಅರ್ಥ. ಬುಡಮೇಲಾದ ಮರ ಇನ್ನೂ ಹೆಚ್ಚಿನದನ್ನು ತೋರಿಸುತ್ತದೆ. ಮರದಷ್ಟೇ ಆಳ ಬೇರೂ ಇಳಿದಿರುತ್ತದೆಂದು ಸಾಮಾನ್ಯವಾಗಿ ಜನ ಭಾವಿಸುತ್ತಾರಾದರೂ, ಬಿದ್ದ ಹೆಮ್ಲಾಕ್ ಮರದ ಬುಡದಲ್ಲಿ ಕಾಣುವುದು ಗೋಡೆಯಂತೆ ನಿಂತ ಒಂದು ತಟ್ಟೆ: ಆಳೆತ್ತರಕ್ಕಿಂತಲೂ ಎತ್ತರ, ಅಗಲವೂ ಅಷ್ಟೇ, ದಪ್ಪ ಮಾತ್ರ ಒಂದು ಮೀಟರ್ ಮುಟ್ಟುವುದು ಕಷ್ಟ. ಅದರ ತುಂಬ ಹೆಣೆದುಕೊಂಡ ಬೇರು, ಬೇರಿನ ಸಂದಿಯಲ್ಲಿ ಸಿಕ್ಕಿಕೊಂಡ ಉರುಟುಕಲ್ಲು, ಹನಿಹನಿಯಾಗಿ ತೊಟ್ಟಿಕ್ಕುವ ಕೆಸರು. ಹಿಂದೆ ತಟ್ಟೆ ಕಿತ್ತುಬಂದ ಜಾಗದಲ್ಲಿ ನೀರು ನಿಂತ ಗುಂಡಿ. ಹಿಮಯುಗದ ಹಿಮನದಿಗಳು ಒತ್ತಿ ಗಟ್ಟಿಯಾಗಿಸಿ ಬಿಟ್ಟುಹೋದ ಕಲ್ಲುಮಣ್ಣಿನ ಪದರ ಆ ಪ್ರದೇಶದಲ್ಲಿ ಮೇಲ್ಮಣ್ಣಿನ ಕೆಳಗೇ ಇರುವುದರಿಂದ, ಬೇರು ಕೆಳಗಿಳಿಯಲಾರದೆ ಬದಿಗೆ ಹರಡಿ ಇಂಥ ತಟ್ಟೆಯಾಗುತ್ತದೆ. ಕಾಲಾಂತರದಲ್ಲಿ ಮರ ಕೊಳೆತು ಮಾಯವಾದ ಮೇಲೂ ಗುಂಡಿಯೊಂದು, ಅದರ ಪಕ್ಕದಲ್ಲಿ ದಿಬ್ಬವೊಂದು ಉಳಿಯುತ್ತವೆ. ನುರಿತವರು ಕಾಡಿನ ನೆಲದ ಈ ಏರಿಳಿತಗಳನ್ನು ನೋಡಿಯೇ ಹಳೆಯ ಬಿರುಗಾಳಿಗಳು ಯಾವ ದಿಕ್ಕಿನಿಂದ ಬೀಸಿದ್ದವೆಂದು ಗುರುತಿಸುತ್ತಾರೆ.

ಇನ್ನು ಮನುಷ್ಯರ ಪಾಲಿನ ಮಾತು. ಮಸ್ಕ್ವಿಯಮ್, ಸ್ಕ್ವಾಮಿಷ್ ಮತ್ತು ತ್ಸ್ಲೇಲ್-ವಾಟುತ್ ಎಂಬ ಮೂಲನಿವಾಸಿ ಜನ ಸಾವಿರಾರು ವರ್ಷ ಬಳಸಿದ, ಊರು ಕಟ್ಟಿಕೊಂಡು ಬಾಳಿದ ಭೂಶಿರ ಇದು. ಕೆಂಪು ಸೀಡರಿನ ಮರದಿಂದ ದೋಣಿ, ಹಲಗೆ, ಅದರ ತೊಗಟೆಯ ನಾರಿನಿಂದ ಬಟ್ಟೆ, ಹಗ್ಗ ಮಾಡಿಕೊಂಡವರು ಅವರು. 1860ರ ದಶಕದಿಂದ ನಾಟಾ ಕಡಿಯುವವರು ಬಂದು, ಭಾರೀ ಮರಗಳನ್ನು ಆರಿಸಿ ಉರುಳಿಸಿ ಎಳೆದೊಯ್ದರು. 1888ರಲ್ಲಿ ಇದು ಸಾರ್ವಜನಿಕ ಉದ್ಯಾನವಾಗಿ, ಆಗಿನ ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿಯ ಹೆಸರು ಪಡೆಯಿತು. ಹೀಗಾಗಿ ಇಂದು ಪ್ರವಾಸಿಗರು ಕೈಮುಟ್ಟದ ಆದಿಕಾಡೆಂದು ಬೆರಗಾಗುವ ಭಾಗಗಳಲ್ಲಿ ಹೆಚ್ಚಿನವು, ದೊಡ್ಡ ಮರಗಳನ್ನು ತೆಗೆದ ಮೇಲೆ ಬೆಳೆದ ಎರಡನೆಯ ಬೆಳೆ. 1938ರಲ್ಲಿ ಲಯನ್ಸ್ ಗೇಟ್ ತೂಗುಸೇತುವೆ ತೆರೆದಾಗ ಅದಕ್ಕೆ ಹೋಗುವ ರಸ್ತೆಯನ್ನು ಕಾಡಿನ ಮಧ್ಯದಿಂದಲೇ ಸೀಳಿ ತೆಗೆದರು.

ಕಾಡನ್ನು ಸೀಳಿದ ರಸ್ತೆಗೂ ಬಿರುಗಾಳಿಗೂ ಇರುವ ಸಂಬಂಧ ಮೇಲುನೋಟಕ್ಕೆ ಕಾಣುವಂಥದಲ್ಲ. ಮರ ತಾನು ಅನುಭವಿಸಿದ ಗಾಳಿಗೆ ತಕ್ಕಂತೆ ಮೈ ಕಟ್ಟಿಕೊಳ್ಳುತ್ತದೆ. ಬಯಲಂಚಿನಲ್ಲಿ ಎಳವೆಯಿಂದಲೂ ಗಾಳಿ ತಿಂದ ಮರ ಎತ್ತರಕ್ಕೆ ಅವಸರಪಡದೆ ಬುಡ ದಪ್ಪಗೊಳಿಸಿ, ಗಾಳಿ ಬರುವ ದಿಕ್ಕಿಗೂ ಹೋಗುವ ದಿಕ್ಕಿಗೂ ಹೆಚ್ಚು ಬೇರು ಚಾಚುತ್ತದೆ. ಬಾಗಿದ ಕಾಂಡವನ್ನು ನೆಟ್ಟಗಾಗಿಸಲು ಸೂಚಿಪರ್ಣಿಗಳು ಬಾಗಿನ ಒಳಮಗ್ಗುಲಿನಲ್ಲಿ ಗಡುಸಾದ, ಕೆಂಬಣ್ಣದ ವಿಶೇಷ ಮರವನ್ನೇ ಕಟ್ಟುತ್ತವೆ. ಕಾಡಿನ ನಡುವೆ ಬೆಳೆದ ಮರಕ್ಕೆ ಈ ಅಭ್ಯಾಸವಿಲ್ಲ. ಅಲ್ಲಿನ ಸ್ಪರ್ಧೆ ಬೆಳಕಿಗಾಗಿರುವುದರಿಂದ ಅದು ಸಪೂರವಾಗಿ ಮೇಲಕ್ಕೆ ಓಡಿ, ಹಸಿರನ್ನೆಲ್ಲ ನೆತ್ತಿಯಲ್ಲಿಟ್ಟುಕೊಂಡು, ನೆರೆಯವರ ಭರವಸೆಯ ಮೇಲೆ ನಿಂತಿರುತ್ತದೆ. ಅರಣ್ಯಶಾಸ್ತ್ರಜ್ಞರು ಇದನ್ನು ಅಳೆಯಲು ಎತ್ತರವನ್ನು ಕಾಂಡದ ವ್ಯಾಸದಿಂದ ಭಾಗಿಸುತ್ತಾರೆ: ನಲವತ್ತು ಮೀಟರ್ ಎತ್ತರ, ಅರ್ಧ ಮೀಟರ್ ವ್ಯಾಸವಿದ್ದರೆ ಭಾಗಲಬ್ಧ 80, ಅದಕ್ಕಿಂತ ಹೆಚ್ಚಿದ್ದರೆ ಮರ ಗಾಳಿಗೆ ಸುಲಭದ ತುತ್ತೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಕಾಡಿನ ಮಧ್ಯದಲ್ಲಿ ರಸ್ತೆ, ವಾಹನ ನಿಲುಗಡೆ, ನೋಟದ ಕಟ್ಟೆ ಮಾಡಲು ಜಾಗ ತೆರವುಗೊಳಿಸಿದೊಡನೆ, ಒಳಗಿನವಾಗಿ ಬೆಳೆದ ಇಂಥ ಮರಗಳು ಒಂದೇ ದಿನದಲ್ಲಿ ಅಂಚಿನ ಮರಗಳಾಗುತ್ತವೆ, ಆದರೆ ಅಂಚಿನ ಮರಕ್ಕಿರಬೇಕಾದ ಬುಡ ಅವುಗಳಿಗೆ ಬರಲು ದಶಕಗಳೇ ಬೇಕು.

ಗಾಳಿಗೆ ಮರ ಬಿದ್ದಾಗಲೆಲ್ಲ ಹೊಸ ಅಂಚುಗಳು ಹುಟ್ಟುವುದರಿಂದ ಒಂದು ಬಿರುಗಾಳಿ ಇನ್ನೊಂದಕ್ಕೆ ಜಾಗ ಹದಮಾಡಿಕೊಟ್ಟು ಹೋಗುತ್ತದೆ. ಸ್ಟ್ಯಾನ್ಲಿ ಪಾರ್ಕಿನಲ್ಲಿ 1934ರ ಅಕ್ಟೋಬರಿನಲ್ಲಿಯೂ ಸಾವಿರಾರು ಮರ ಬಿದ್ದಿದ್ದವು. 1962ರ ಅಕ್ಟೋಬರಿನಲ್ಲಿ ಫ್ರೀಡಾ ಎಂಬ ತೂಫಾನಿನ ಶೇಷಭಾಗ ಪೆಸಿಫಿಕ್ ದಾಟಿ ಬಂದು ಸುಮಾರು 3,000 ಮರಗಳನ್ನು ಕೆಡವಿತು. ಆಗ ಬೋಳಾದ ಸುಮಾರು ಆರು ಎಕರೆಯ ಒಂದು ಜಾಗವನ್ನು ಮತ್ತೆ ಕಾಡಾಗಲು ಬಿಡದೆ, ಅಲ್ಲಿ ಮಕ್ಕಳಿಗಾಗಿ ಪುಟಾಣಿ ರೈಲಿನ ಹಳಿ ಹಾಕಲಾಯಿತು. 1964ರಲ್ಲಿ ಆರಂಭವಾದ ಆ ರೈಲು ತಲೆಮಾರುಗಳ ಅಕ್ಕರೆ ಗಳಿಸಿತು. ತೆರವನ್ನು ತೆರವಾಗಿಯೇ ಬಿಡುವ ಸಹನೆ ನಗರಗಳಿಗೆ ಅಪರೂಪ, ಖಾಲಿ ಜಾಗ ಕಂಡರೆ ಏನಾದರೊಂದು ಕಟ್ಟಲೇಬೇಕೆಂಬ ತುಡಿತ ವ್ಯಾಂಕೂವರಿನದಷ್ಟೇ ಅಲ್ಲ.

2006ರ ಗಾಳಿ ನಿಂತ ಮೇಲೆ ಎದುರಾದ ಮೊದಲ ಕೆಲಸ ದಾರಿ ಬಿಡಿಸುವುದು. ಕೇಳಲು ಸಲೀಸಾದ ಈ ಕೆಲಸ ಮರ ಕಡಿಯುವ ಕೆಲಸಗಳಲ್ಲೆಲ್ಲ ಹೆಚ್ಚು ಅಪಾಯದ್ದು. ಒಂದರ ಮೇಲೊಂದು ಕಡ್ಡಿಯಾಟದ ಕಡ್ಡಿಗಳಂತೆ ಬಿದ್ದ ದಿಮ್ಮಿಗಳಲ್ಲಿ ಯಾವುದು ಯಾವುದರ ಭಾರ ಹೊತ್ತಿದೆಯೆಂದು ಹೊರಗಿನಿಂದ ತಿಳಿಯದು. ದೊಡ್ಡ ಮರದ ಅಡಿ ಸಿಕ್ಕಿ ಬಿಲ್ಲಿನಂತೆ ಬಾಗಿರುವ ಎಳೆಮರಕ್ಕೆ ಗರಗಸ ತಾಗಿಸಿದರೆ ಅದು ಸಿಡಿದು ಕಡಿಯುವವನ ಎದೆಗೋ ಮುಖಕ್ಕೋ ಹೊಡೆಯುತ್ತದೆ. ಮುರಿದೂ ಬೀಳದೆ ಮೇಲೆಲ್ಲೋ ಸಿಕ್ಕಿಕೊಂಡ ಕೊಂಬೆ ದಿನಗಳ ಮೇಲೆ, ಗಾಳಿಯೇ ಇಲ್ಲದ ಹೊತ್ತಿನಲ್ಲಿ, ಸದ್ದಿಲ್ಲದೆ ಕಳಚಿಕೊಳ್ಳುತ್ತದೆ. ಬುಡಮೇಲಾದ ಮರದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿದರೆ, ಕಾಂಡದ ಭಾರ ತಪ್ಪಿದ ಬೇರುತಟ್ಟೆ ಹಿಂದಕ್ಕೆ ಮಗುಚಿ ತನ್ನ ಗುಂಡಿಯಲ್ಲೇ ಕೂತುಬಿಡುವುದುಂಟು. ಆ ಗುಂಡಿಯ ಬಳಿ ಯಾರೂ ನಿಲ್ಲಬಾರದೆಂಬುದು ಈ ಕಸುಬಿನವರು ಹೊಸಬರಿಗೆ ಮೊದಲು ಹೇಳಿಕೊಡುವ ಪಾಠಗಳಲ್ಲೊಂದು. ಸ್ಟ್ಯಾನ್ಲಿ ಪಾರ್ಕಿನಲ್ಲಿ ಇದರ ಮೇಲೆ ಇಳಿಜಾರಿನ ತೊಡಕೂ ಸೇರಿತು. ಭೂಶಿರದ ಸುತ್ತ, ಕಡಲು ಕೊರೆಯದಂತೆ 1917ರಿಂದ 1971ರವರೆಗೆ ಹಂತಹಂತವಾಗಿ ಕಟ್ಟಿದ ಕಲ್ಲುಗೋಡೆಯೂ ಅದರ ಮೇಲೆ ನಡೆಯುವ ದಾರಿಯೂ ಇವೆ. ಜೇಮ್ಸ್ ಕನಿಂಗ್‌ಹ್ಯಾಮ್ ಎಂಬ ಕಲ್ಲುಕುಟಿಗ ಮೂರು ದಶಕಗಳಿಗೂ ಮಿಕ್ಕಿ ಈ ಗೋಡೆಯ ಕೆಲಸದ ಮೇಲ್ವಿಚಾರಣೆ ನೋಡಿಕೊಂಡಿದ್ದ. ಪ್ರಾಸ್ಪೆಕ್ಟ್ ಪಾಯಿಂಟಿನ ಕೆಳಗಿನ ಕಡಿದಾದ ದಂಡೆಯಲ್ಲಿ ಮರಗಳು ಬೇರುಸಹಿತ ಕಿತ್ತುಬಂದಾಗ, ಅವು ಹಿಡಿದಿಟ್ಟಿದ್ದ ಮಣ್ಣು ಸಡಿಲಗೊಂಡು ಈ ದಾರಿಯ ಮೇಲೆ ಜಾರಿತು. ದಂಡೆಯನ್ನು ಭದ್ರಪಡಿಸುವವರೆಗೆ ತಿಂಗಳುಗಟ್ಟಲೆ ಆ ಭಾಗವನ್ನು ಮುಚ್ಚಬೇಕಾಯಿತು. ಪುನಃಸ್ಥಾಪನೆಗೆ ಸುಮಾರು 90 ಲಕ್ಷ ಕೆನಡಾ ಡಾಲರ್ ಬೇಕೆಂದು ಅಂದಾಜಾಗಿ, ಸರ್ಕಾರಗಳ ಹಣದ ಜೊತೆಗೆ ಸಾರ್ವಜನಿಕರ ದೇಣಿಗೆಯೂ ಹರಿದುಬಂತು.

ದಾರಿ ಬಿಡಿಸಿದ ಮೇಲೆ ಉಳಿದದ್ದು ಹೆಚ್ಚು ಕಷ್ಟದ ಪ್ರಶ್ನೆ: ಬಿದ್ದ ಮರಗಳನ್ನು ಏನು ಮಾಡಬೇಕು? ತೋಟವಾಗಿದ್ದರೆ ಉತ್ತರ ಸುಲಭ, ಎಲ್ಲವನ್ನೂ ಸಾಗಿಸಿ ಗುಡಿಸುವುದು. ದಟ್ಟಾರಣ್ಯವಾಗಿದ್ದರೂ ಸುಲಭ, ಮುಟ್ಟದಿರುವುದು. ನಗರದ ಮಡಿಲಲ್ಲಿರುವ ಕಾಡಿಗೆ ಈ ಎರಡೂ ಪೂರ್ತಿ ಒಪ್ಪುವುದಿಲ್ಲ. ಆ ಸೀಮೆಯ ಕಾಡಿನಲ್ಲಿ ಬಿದ್ದ ಮರವೆಂದರೆ ಹೊಸ ಮರದ ತೊಟ್ಟಿಲು. ನೆಲದ ಮೇಲೆ ಪಾಚಿ, ಜರೀಗಿಡ, ತರಗೆಲೆಗಳ ದಟ್ಟಣೆಯಲ್ಲಿ ಹೆಮ್ಲಾಕಿನ ಸಣ್ಣ ಬೀಜಕ್ಕೆ ಬೇರೂರಲು ಎಡೆ ಸಿಗುವುದು ಕಷ್ಟ. ಕೊಳೆಯುತ್ತಿರುವ ದಿಮ್ಮಿಯ ಬೆನ್ನು ಸ್ಪಂಜಿನಂತೆ ನೀರು ಹಿಡಿದಿಡುವುದರಿಂದಲೂ, ನೆಲದ ಪೈಪೋಟಿಗಿಂತ ಒಂದಿಷ್ಟು ಎತ್ತರದಲ್ಲಿರುವುದರಿಂದಲೂ, ಬೀಜ ಅಲ್ಲಿ ಮೊಳೆತು, ಬೇರುಗಳನ್ನು ದಿಮ್ಮಿಯ ಇಬ್ಬದಿಯಿಂದ ನೆಲಕ್ಕಿಳಿಸುತ್ತದೆ. ನೂರಾರು ವರ್ಷದಲ್ಲಿ ದಿಮ್ಮಿ ಕರಗಿ ಹೋದಾಗ, ಮೇಲೆ ಬೆಳೆದ ಮರ ಕಾಲುಗಳ ಮೇಲೆ ನಿಂತಂತೆ ಬೇರುಗಳ ಮೇಲೆ ನಿಂತು, ಕೆಳಗೆ ಮಗು ನುಸುಳುವಷ್ಟು ಜಾಗ ಬಿಟ್ಟಿರುತ್ತದೆ. ಒಂದೇ ಸಾಲಿನಲ್ಲಿ ನೂಲು ಹಿಡಿದು ನೆಟ್ಟಂತೆ ನಿಂತ ಮರಗಳನ್ನು ಅಲ್ಲಿ ಕಂಡರೆ, ಅವೆಲ್ಲ ಒಂದೇ ಬಿದ್ದ ಮರದ ಬೆನ್ನ ಮೇಲೆ ಹುಟ್ಟಿದವು ಎಂದು ತಿಳಿಯಬಹುದು. ಇಂಥ ಮರವನ್ನು ಇಂಗ್ಲಿಷಿನವರು ದಾದಿ ದಿಮ್ಮಿ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಅದು ಬಾಣಂತನವನ್ನೂ ಮಾಡಿ, ಮಗುವಿಗೆ ತನ್ನನ್ನೇ ಉಣಿಸುವ ದಾದಿ.

ಆದರೆ ಹತ್ತು ಸಾವಿರ ಮರಗಳೂ ಹೀಗೆ ಬಿದ್ದಲ್ಲೇ ಇದ್ದರೆ ಬೇರೆ ಅಪಾಯಗಳಿವೆ. ಹಸಿಹಸಿಯಾಗಿ ಉರುಳಿದ ಡಗ್ಲಸ್ ಫರ್ ಮರಗಳಿಗೆ ತೊಗಟೆಯೊಳಗೆ ಸುರಂಗ ಕೊರೆಯುವ ಒಂದು ಜಾತಿಯ ದುಂಬಿ ಮುತ್ತುತ್ತದೆ. ಜೀವಂತ ಮರ ಅಂಟು ಸುರಿಸಿ ದುಂಬಿಯನ್ನು ಹೊರದಬ್ಬಬಲ್ಲದು. ಬಿದ್ದ ಮರಕ್ಕೆ ಆ ಶಕ್ತಿಯಿಲ್ಲ. ಬಿದ್ದ ಮರದಲ್ಲಿ ಮಿತಿಮೀರಿ ಹೆಚ್ಚಿದ ದುಂಬಿಗಳು ಮುಂದಿನ ಋತುವಿನಲ್ಲಿ ನಿಂತ ಮರಗಳ ಮೇಲೂ ಗುಂಪಾಗಿ ಎರಗಿದಾಗ ಅಂಟಿನ ರಕ್ಷಣೆ ಸಾಲದು. ಇದರೊಂದಿಗೆ, ಮಳೆನಾಡಾದರೂ ವ್ಯಾಂಕೂವರಿನ ಬೇಸಿಗೆ ಒಣಗಿರುತ್ತದೆ. ಒಣಗಿದ ರೆಂಬೆಗಳ ರಾಶಿಯ ಪಕ್ಕದಲ್ಲಿ ಸಿಗರೇಟಿನ ತುಂಡು ಬಿಸಾಡುವವರೂ ನಗರದ ಉದ್ಯಾನದಲ್ಲಿ ಇದ್ದೇ ಇರುತ್ತಾರೆ. ಆದುದರಿಂದ ಮಧ್ಯಮಾರ್ಗ ಹಿಡಿಯಲಾಯಿತು: ಬೆಂಕಿಗೂ ದುಂಬಿಗೂ ಆಹಾರವಾಗಬಹುದಾದಷ್ಟನ್ನು ತೆಗೆದು, ಕಾಡಿಗೆ ಬೇಕಾದ ದಿಮ್ಮಿಗಳನ್ನು ಅಲ್ಲಲ್ಲೇ ಬಿಟ್ಟು, ಬೋಳಾದ ಕಡೆ ಸ್ಥಳೀಯ ಜಾತಿಗಳ ಸಾವಿರಾರು ಸಸಿಗಳನ್ನು ನೆಡಲಾಯಿತು. ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂಬುದರ ಬಗ್ಗೆ ನಗರದಲ್ಲಿ ಆಗ ನಡೆದ ವಾದ ಇಂದಿಗೂ ಪೂರ್ತಿ ತಣ್ಣಗಾಗಿಲ್ಲ.

ಬೀಳದೆ ಗಾಯಗೊಂಡು ಉಳಿದ ಮರಗಳ ಆರೈಕೆಯ ವಿಷಯದಲ್ಲಿ ಮಾತ್ರ ತಜ್ಞರ ನಡುವೆ ಹೆಚ್ಚು ಒಮ್ಮತವಿದೆ, ಸಾಮಾನ್ಯ ತಿಳಿವಳಿಕೆಯಲ್ಲಿ ಹೆಚ್ಚು ತಪ್ಪೂ ಇದೆ. ಮನುಷ್ಯರ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1970ರ ದಶಕದಲ್ಲಿ ತೋರಿಸಿಕೊಟ್ಟ ಪ್ರಕಾರ, ಮರ ಹಾಳಾದ ಅಂಗಾಂಶವನ್ನು ದುರಸ್ತಿ ಮಾಡದೆ, ಅದರ ಸುತ್ತ ಗೋಡೆ ಕಟ್ಟಿ ಕೋಣೆಯೊಳಗೆ ಹಾಕಿ ಬೀಗ ಜಡಿಯುತ್ತದೆ. ಆಮೇಲೆ ಹೊಸ ಮರ ಹೊರಗಿನಿಂದ ಉರುಳೆಯಾಗಿ ಬೆಳೆದು ಬಾಯಿ ಮುಚ್ಚುತ್ತದೆ. ಹೀಗಾಗಿ ಮುರಿದ ಕೊಂಬೆಯನ್ನು ಕಾಂಡಕ್ಕೆ ತಾಗಿಸಿ ನುಣ್ಣಗೆ ಹೆರೆಯದೆ, ಕೊಂಬೆಯ ಬುಡದಲ್ಲಿ ಸುತ್ತ ಉಬ್ಬಿರುವ ಕೊರಳಪಟ್ಟಿಯಂಥ ಭಾಗವನ್ನು ಉಳಿಸಿ, ಅದರ ಹೊರಗೆ ಕತ್ತರಿಸಬೇಕು, ಏಕೆಂದರೆ ಗೋಡೆ ಕಟ್ಟುವ ಸಾಮರ್ಥ್ಯ ಇರುವುದು ಅಲ್ಲೇ. ಕೊಯ್ದ ಬಾಯಿಗೆ ಡಾಂಬರು, ಬಣ್ಣ ಬಳಿಯುವುದರಿಂದ ಕೊಳೆತ ತಪ್ಪುವುದಿಲ್ಲ; ತೇವ ಒಳಗೇ ಉಳಿದು ಶಿಲೀಂಧ್ರಕ್ಕೆ ಅನುಕೂಲವಾಗುವುದೇ ಹೆಚ್ಚು. ಮುಂದಿನ ಗಾಳಿಯ ಭಯದಿಂದ ಮರದ ನೆತ್ತಿಯನ್ನೇ ಹಾರಿಸಿಬಿಡುವುದು ಇನ್ನೂ ದೊಡ್ಡ ತಪ್ಪು. ಹಾಗೆ ಕಡಿದ ಜಾಗದಲ್ಲಿ ಕೊಳೆ ಇಳಿಯುತ್ತದೆ, ಅದರ ಸುತ್ತ ಗುಂಪಾಗಿ ಚಿಗುರುವ ಹೊಸ ರೆಂಬೆಗಳು ಚೇಗಿನ ಆಳದಿಂದ ಹೊರಡದೆ ಮೇಲ್ಪದರಕ್ಕಷ್ಟೇ ಅಂಟಿಕೊಂಡಿರುತ್ತವೆ, ಹೀಗಾಗಿ ಅವು ಭಾರವಾದೊಡನೆ ಸೀಳಿ ಬೀಳುತ್ತವೆ. ಮುಂಗಾರಿಗೆ ಮೊದಲು ವಿದ್ಯುತ್ ತಂತಿಯ ಕೆಳಗಿನ ಮರಗಳ ಅರ್ಧ ತಲೆಯನ್ನು ಕೊಚ್ಚಿ ಹಾಕುವುದು ವಾಡಿಕೆಯಾಗಿರುವ, ಪಾದಚಾರಿ ಮಾರ್ಗಕ್ಕೆ ಸಿಮೆಂಟು ಹಾಕುವಾಗ ಮರದ ಬೇರನ್ನು ಚರಂಡಿಯ ಬದಿಯಿಂದ ಸವರಿಬಿಡುವ ಬೆಂಗಳೂರಿನಲ್ಲಿ, ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಗುಲ್‌ಮೊಹರ್ ಮರಗಳು ರಸ್ತೆಗೆ ಒರಗುವುದನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಗಾಳಿಯನ್ನಷ್ಟೇ ದೂರುವುದು ಕಷ್ಟವಾಗುತ್ತದೆ.

ಸ್ಟ್ಯಾನ್ಲಿ ಪಾರ್ಕಿನ ಕಾಡಿಗೆ 2006ರ ನಂತರವೂ ನೆಮ್ಮದಿ ಸಿಗಲಿಲ್ಲ. 2020ರ ಆಸುಪಾಸಿನಲ್ಲಿ ಹೆಮ್ಲಾಕ್ ಲೂಪರ್ ಎಂಬ ಪತಂಗದ ಕಂಬಳಿಹುಳುಗಳು ಒಂದರ ಮೇಲೊಂದು ವರ್ಷ ಮುತ್ತಿ ಸೂಜಿಎಲೆಗಳನ್ನು ತಿಂದು ಹಾಕಿದವು. ಎಲೆ ಕಳೆದುಕೊಂಡರೂ ಮತ್ತೆ ಚಿಗುರುವ ಅಗಲ ಎಲೆಯ ಮರಗಳಂತಲ್ಲದೆ, ಪೂರ್ತಿ ಬರಿದಾದ ಹೆಮ್ಲಾಕ್ ಸಾಯುತ್ತದೆ. ಒಣಬೇಸಿಗೆಗಳು ಅದಕ್ಕೆ ಮೊದಲೇ ಮರಗಳನ್ನು ಬಳಲಿಸಿದ್ದವು. ಸುಮಾರು 1,60,000 ಮರಗಳು, ಅಂದರೆ ಪಾರ್ಕಿನ ಮರಗಳಲ್ಲಿ ಹೆಚ್ಚುಕಡಿಮೆ ನಾಲ್ಕನೇ ಒಂದು ಪಾಲು, ಸತ್ತಿವೆ ಅಥವಾ ಸಾಯಲಿವೆ ಎಂದು ಅಂದಾಜಿಸಿ, 2023ರಲ್ಲಿ ನಗರಾಡಳಿತ ಅವುಗಳನ್ನು ತೆಗೆಸಲು ಆರಂಭಿಸಿತು. ಬೆಂಕಿಯ ಮತ್ತು ಜನರ ಮೇಲೆ ಮರ ಬೀಳುವ ಅಪಾಯ ಅದು ಕೊಟ್ಟ ಕಾರಣ. ಅಷ್ಟೊಂದನ್ನು ತೆಗೆದರೆ ಉಳಿದವು ಗಾಳಿಗೆ ಒಡ್ಡಿಕೊಳ್ಳುತ್ತವೆಂಬುದು ವಿರೋಧಿಸಿದವರ ವಾದಗಳಲ್ಲೊಂದು, ವ್ಯಾಜ್ಯ ನ್ಯಾಯಾಲಯದವರೆಗೂ ಹೋಯಿತು. ಅಂಚಿನ ಮರಗಳ ಹಳೆಯ ಸಮಸ್ಯೆ ಹೀಗೆ ಹೊಸ ವೇಷದಲ್ಲಿ ಮರಳಿದೆ.

ಇಷ್ಟೆಲ್ಲ ಮರಗಳ ನಡುವೆ ನಗರ ಹೆಚ್ಚು ಕಾಲ ಜಗಳಾಡಿದ್ದು ಮಾತ್ರ ಸತ್ತುಹೋಗಿ ಎಷ್ಟೋ ಕಾಲವಾಗಿದ್ದ ಒಂದು ಮರದ ಬಗ್ಗೆ. ಪಶ್ಚಿಮ ಅಂಚಿನ ರಸ್ತೆಯ ಪಕ್ಕದಲ್ಲಿ, ಏಳೆಂಟು ನೂರು ವರ್ಷದ್ದೆಂದು ಅಂದಾಜಿಸಲಾದ ಕೆಂಪು ಸೀಡರ್ ಒಂದರ ಬೊಡ್ಡೆ ನಿಂತಿದೆ. ಅದರ ಪೊಟರೆ ಎಷ್ಟು ದೊಡ್ಡದೆಂದರೆ, ಹಿಂದಿನ ಕಾಲದಲ್ಲಿ ಜನ ಕುದುರೆಗಾಡಿಯನ್ನೂ, ಆಮೇಲೆ ಮೋಟಾರು ಕಾರನ್ನೂ ಹಿಮ್ಮುಖವಾಗಿ ಅದರೊಳಗೆ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅದಕ್ಕಾಗಿಯೇ ವೃತ್ತಿಯ ಛಾಯಾಗ್ರಾಹಕರು ಅಲ್ಲಿ ಕಾದಿರುತ್ತಿದ್ದರು. ಕೆಂಪು ಸೀಡರಿನ ಚೇಗು ಸುಲಭಕ್ಕೆ ಕೊಳೆಯದಿರುವುದರಿಂದ, ಒಳಗೆಲ್ಲ ಖಾಲಿಯಾಗಿ, ಬುಡ ಮಾತ್ರ ಉಳಿದ ಮೇಲೂ ಅದು ನಿಂತೇ ಇತ್ತು. 2006ರ ಬಿರುಗಾಳಿಯ ಮೇಲೆ ಅದು ಅಪಾಯಕರವಾಗಿ ವಾಲಿತು. ಉದ್ಯಾನ ಮಂಡಳಿ 2008ರ ಮಾರ್ಚಿನಲ್ಲಿ ಅದನ್ನು ಕೆಡವಿ ನೆಲದ ಮೇಲೆ ಮಲಗಿಸಿ ಬಿಡುವುದೆಂದು ತೀರ್ಮಾನಿಸಿತು. ಬಿದ್ದ ಸೀಡರ್ ಕಾಡಿನ ರೀತಿಯಲ್ಲಿ ಮಣ್ಣಾಗಲಿ ಎಂಬ ನಿಲುವಿನಲ್ಲಿ ತರ್ಕವೂ ಇತ್ತು. ಊರಿನ ಕೆಲವರು ಸಂಘ ಕಟ್ಟಿ, ಹಣ ಕೂಡಿಸಿ, ಎಂಜಿನಿಯರುಗಳ ನಕ್ಷೆಯೊಂದಿಗೆ ಎದುರು ನಿಂತರು. 2009ರ ಜನವರಿಯಲ್ಲಿ ಮಂಡಳಿ ತನ್ನ ತೀರ್ಮಾನವನ್ನು ಹಿಂತೆಗೆದುಕೊಂಡಿತು; 2011ರ ಹೊತ್ತಿಗೆ ಬೊಡ್ಡೆಯನ್ನು ಮತ್ತೆ ನೆಟ್ಟಗಾಗಿಸಿ, ಒಳಗಿನಿಂದ ಲೋಹದ ಆಸರೆ ಕೊಟ್ಟು, ನೆಲದಡಿಗೆ ಅಡಿಪಾಯ ಹಾಕಲಾಯಿತು. ತನ್ನ ಬೇರಿನ ಮೇಲೆ ನಿಂತಿರುವ ಮರ ಅದಲ್ಲವಾಗಿ, ಎಂಜಿನಿಯರುಗಳ ಲೆಕ್ಕದ ಮೇಲೆ ನಿಂತ ಕಟ್ಟಡವಾಗಿದೆ ಎಂದು ಆಕ್ಷೇಪಿಸುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ಕೇತೋಹಳ್ಳಿಯ ದೊಡ್ಡ ಆಲದ ಮರದ ಮೂಲ ಕಾಂಡ ರೋಗದಿಂದ ನಾಶವಾದಾಗ ಬಿಳಲುಗಳೇ ಕಾಂಡಗಳಾಗಿ ಮರವನ್ನು ಹೊತ್ತು ನಿಂತವು. ಸೀಡರಿಗೆ ಬಿಳಲಿಲ್ಲ, ಆ ಕೆಲಸವನ್ನು ಲೋಹ ಮಾಡಬೇಕಾಯಿತು. ರಸ್ತೆಯಿಂದ ನೋಡುವವರಿಗೆ ಬೂದುಬಣ್ಣಕ್ಕೆ ತಿರುಗಿದ, ಉದ್ದುದ್ದ ಸೀಳಿನ ಹಳೆಯ ಬೊಡ್ಡೆಯಷ್ಟೇ ಕಾಣುತ್ತದೆ. ಅದರ ಪೊಟರೆಯೊಳಗೆ ಹೊಕ್ಕು ಫೋಟೊ ತೆಗೆಸಿಕೊಳ್ಳುವವರ ಸಾಲು ಬೇಸಿಗೆಯಲ್ಲಿ ಮೊದಲಿನಂತೆಯೇ ಇರುತ್ತದೆ.